ಯಮುನಕ್ಕನ ಮೌನವನ್ನು ಪ್ರತಿರೋಧ ಎನ್ನಬಹುದೇ?

ಪ್ರಶ್ನೆ: ಬೆಂಗಳೂರಿನ ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಯಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಸಿನಿಮಾ ನೋಡಿ ಬಂದಾಗಿನಿಂದ ಒಂದು ಸಂದೇಹ ಬಿಡದೆ ಕಾಡುತ್ತಿದೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಹೊರಹಾಕುವಾಗ ಯಮುನಕ್ಕ ಎದುರಾಡುವುದಿಲ್ಲ. ಫ್ರೆಂಚ್ ಸ್ತ್ರೀವಾದಿ ಚಿಂತಕಿ ಸಿಮೋನ್ ದ ಬೊವಾರ್ ಪ್ರತಿಪಾದಿಸುವ ಸ್ವಾತಂತ್ರ್ಯವನ್ನು ಇಲ್ಲಿ ಎಲ್ಲಿ ಗುರುತಿಸಬೇಕು?

ಉತ್ತರ 1: ಆ ಕೊನೆಯ ದೃಶ್ಯದಲ್ಲಿ ಹುಡುಕಬೇಡಿ, ಅದಕ್ಕೂ ಹಿಂದೆ ಹೋಗಿ. ಬೊವಾರ್ 1949ರಲ್ಲಿ ಬರೆದಂತೆ ಹೆಣ್ಣನ್ನು ‘ಅನ್ಯ’ಳನ್ನಾಗಿಸುವುದು, ಅಂದರೆ ಗಂಡನ್ನೇ ಮಾನದಂಡವಾಗಿಟ್ಟು ಅವಳನ್ನು ಹೊರಗಿನವಳೆಂದು ಕಾಣುವುದು, ಪ್ರಕೃತಿಯಲ್ಲ, ಸಮಾಜ, ಆದರೆ ಆಕೆಯ ಸ್ವಾತಂತ್ರ್ಯ ಸದಾ ಒಂದು ಪರಿಸ್ಥಿತಿಯೊಳಗೇ ಇರುತ್ತದೆ, ಆ ಪರಿಸ್ಥಿತಿ ಅದನ್ನು ಉಸಿರುಗಟ್ಟಿಸಲೂಬಹುದು. ವಿಧವೆಯಾದ ಯಮುನಕ್ಕ, ವೇದಪಾಠ ನಡೆಯುವ ತಂದೆಯ ಮನೆಯಲ್ಲಿದ್ದುಕೊಂಡೇ ಒಬ್ಬನನ್ನು ಬಯಸಿದಳಲ್ಲ, ಅದೇ ಅವಳ ಆಯ್ಕೆ. ತಂದೆ ಶಿಕ್ಷಿಸಿದ್ದು ಅದನ್ನೇ.

ಉತ್ತರ 2: ಇದನ್ನು ನಾನು ಪೂರ್ತಿ ಒಪ್ಪಲಾರೆ. ಬಯಕೆಯನ್ನೇ ಪ್ರತಿರೋಧವೆಂದರೆ ಅವಳ ನೋವು ಹಗುರವಾಗುತ್ತದೆ. ಪ್ರೇಮಾ ಕಾರಂತರ ‘ಫಣಿಯಮ್ಮ’ (1983) ನೋಡಿ: ಕೇಶಮುಂಡನಕ್ಕೆ ಒಲ್ಲೆನೆನ್ನುವ ಎಳೆಯ ವಿಧವೆ ದಾಕ್ಷಾಯಿಣಿಯ ಮಾತನ್ನು ಹಿರಿಯರು ಕೇಳಿಸಿಕೊಳ್ಳಲೇಬೇಕಾಗುತ್ತದೆ. ಅವಳ ಬೆನ್ನಿಗೆ ಹಿರಿಯ ವಿಧವೆ ಫಣಿಯಮ್ಮ ಇದ್ದಳು; ಯಮುನಕ್ಕನ ಪಾಲಿಗೆ ಉಳಿದದ್ದು ನಾಣಿ ಎಂಬ ಪುಟ್ಟ ಹುಡುಗ ಮಾತ್ರ.

ಪ್ರಶ್ನೆ ಕೇಳಿದವರು: ಜೊತೆಗೆ ನಿಲ್ಲುವ ಇನ್ನೊಬ್ಬ ಹೆಣ್ಣಿನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಎರಡನ್ನೂ ಒಟ್ಟಿಗೆ ಮತ್ತೆ ನೋಡುತ್ತೇನೆ.