ಕಾಂತಸೂಜಿ ವಾಲುವುದಕ್ಕೆ ‘ವಾಟ’ ಎನ್ನಬಹುದೇ?

ಗೆಳೆಯರೇ, ಒಂದು ಪದ ಬೇಕಾಗಿದೆ. ಹಕ್ಕಿಗಳು ಭೂಮಿಯ ಕಾಂತಕ್ಷೇತ್ರ ಹಿಡಿದು ದಾರಿ ಕಂಡುಕೊಳ್ಳುವುದರ ಬಗ್ಗೆ ಮೈಸೂರಿನ ಹೈಸ್ಕೂಲು ಮಕ್ಕಳಿಗೆ ಬರೆಯುತ್ತಿದ್ದೇನೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ನೋಡಿದ ಮಕ್ಕಳು ಮೊದಲು ಕೇಳುವುದೇ ಇದು: ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರೋಕೆ ಇವಕ್ಕೆ ದಾರಿ ಹೇಗೆ ಗೊತ್ತು? ಸೂರ್ಯ, ನಕ್ಷತ್ರಗಳ ಮಾತು ಸುಲಭ. ಕಾಂತಕ್ಷೇತ್ರಕ್ಕೆ ಬಂದಾಗ ತೊಡಕು.

ಕಾಂಪಸ್‌ಗೆ ‘ದಿಕ್ಸೂಚಿ’ ಇದೆ, ಒಳ್ಳೆಯ ಪದ. ಆದರೆ ಅದು ಉತ್ತರ ಯಾವುದು, ದಕ್ಷಿಣ ಯಾವುದು ಎಂದು ತೋರಿಸುತ್ತದೆ. ಹಕ್ಕಿಯದು ಹಾಗಲ್ಲ. ಜರ್ಮನಿಯ ವಿಲ್ಚ್‌ಕೊ ದಂಪತಿ 1972ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ವಲಸೆಯ ಕಾಲದಲ್ಲಿ ಪಂಜರದ ಯುರೋಪಿಯನ್ ರಾಬಿನ್ ತಾನು ಹೋಗಬೇಕಾದ ದಿಕ್ಕಿನ ಕಡೆಗೇ ಜಾಸ್ತಿ ಕುಪ್ಪಳಿಸುತ್ತದೆ. ಸುತ್ತಲಿನ ಕ್ಷೇತ್ರವನ್ನು ಪೂರ್ತಿ ತಿರುವುಮುರುವು ಮಾಡಿದರೆ, ಅಂದರೆ ಉತ್ತರ ದಕ್ಷಿಣ ಅದಲುಬದಲಾಗಿ ಮೇಲೆ ಕೆಳಗೂ ಅದಲುಬದಲಾದರೆ, ಹಕ್ಕಿ ದಿಕ್ಕು ಬದಲಿಸಲೇ ಇಲ್ಲ. ಬರೀ ಮೇಲೆ ಕೆಳಗಿನದನ್ನು ಬದಲಿಸಿದಾಗ ಹಿಂದುಮುಂದಾಯಿತು! ಅದು ಓದುತ್ತಿದ್ದದ್ದು ಕಾಂತರೇಖೆ ನೆಲದ ಕಡೆ ಎಷ್ಟು, ಯಾವ ಕಡೆಗೆ ವಾಲಿದೆ ಎಂಬುದನ್ನು. ‘ಇದು ಧ್ರುವದ ಕಡೆ, ಇದು ಸಮಭಾಜಕದ ಕಡೆ’ ಎಂದಷ್ಟೇ ಅದಕ್ಕೆ ತಿಳಿಯುತ್ತದೆ.

ಈ ವಾಲುವಿಕೆಗೇ ನನಗೆ ಪದ ಬೇಕು. ‘ನತಿ’ ಎನ್ನಬಹುದು, ಚಿಕ್ಕದು, ಆದರೆ ಮಕ್ಕಳಿಗೆ ಏನೂ ಹೊಳೆಯುವುದಿಲ್ಲ. ‘ಓರೆ’ ಎಂದರೆ ಪಕ್ಕಕ್ಕೆ ವಾಲಿದ್ದೂ ಆಗುತ್ತದೆ, ಓರೆಗಣ್ಣು ಅಂತೀವಲ್ವಾ. ‘ಇಳಿಜಾರು’ ಅಂದರೆ ನೆಲವೇ ಕಣ್ಣಿಗೆ ಬರುತ್ತದೆ. ಮಂಡ್ಯ, ಮೈಸೂರು ಕಡೆ ಗಾರೆ ಕೆಲಸದವರು ತಾರಸಿಯಲ್ಲಿ ನೀರು ನಿಲ್ಲದಿರಲಿ ಎಂದು ‘ವಾಟ’ ಕೊಡುತ್ತಾರೆ. ನನಗೆ ಹಿಡಿಸಿದ್ದು ಇದು. ವಾಟ ಜಾಸ್ತಿ, ವಾಟ ಕಮ್ಮಿ, ವಾಟವೇ ಇಲ್ಲ ಎಂದು ಸಲೀಸಾಗಿ ಹೇಳಬಹುದು, ಮತ್ತು ಇಲ್ಲಿ ಬೇಕಾಗಿರುವುದೂ ಅದೇ. ಮೇಲೆ ಕೆಳಗೆ ಆಡುವಂತೆ ಕಟ್ಟಿದ ಕಾಂತಸೂಜಿ ಕಾಂತಧ್ರುವದಲ್ಲಿ ನೆಟ್ಟಗೆ ನಿಲ್ಲುತ್ತದೆ, ಸಮಭಾಜಕದ ಕಡೆ ಬಂದಂತೆಲ್ಲ ವಾಟ ಕಮ್ಮಿಯಾಗುತ್ತದೆ, ಕಾಂತೀಯ ಸಮಭಾಜಕದಲ್ಲಿ ಸೂಜಿ ಪೂರ್ತಿ ಮಲಗುತ್ತದೆ. ಆ ಗೆರೆ ಹತ್ತಿರದಲ್ಲೇ ಹಾಯುತ್ತದೆ ಎಂದೇ ಕೇರಳದ ತುಂಬಾದಲ್ಲಿ 1963ರಲ್ಲಿ ರಾಕೆಟ್ ಹಾರಿಸಲು ಶುರುಮಾಡಿದ್ದು. ವಾಟ ಪೂರ್ತಿ ಇಲ್ಲದ ಕ್ಷೇತ್ರದಲ್ಲಿ ರಾಬಿನ್‌ಗಳಿಗೆ ದಿಕ್ಕೇ ತೋಚಲಿಲ್ಲ ಎಂಬುದೂ ಅದೇ ಪ್ರಯೋಗದಲ್ಲಿ ಬಂದಿದೆ.

ಹೆಬ್ಬಾತುಗಳಿಗೂ ಇದೇ ಲೆಕ್ಕ ಎಂದು ನಾನು ಬರೆಯುತ್ತಿಲ್ಲ, ಪ್ರಯೋಗ ನಡೆದದ್ದು ರಾಬಿನ್ ಮೇಲೆ. ಫ್ಲಾರಿಡಾದ ಕಡಲಾಮೆ ಮರಿಗಳು ವಾಟದ ಜೊತೆಗೆ ಕ್ಷೇತ್ರದ ಬಲವನ್ನೂ ಗುರುತಿಸುತ್ತವೆ. ಅದಕ್ಕೆ ‘ಬಲ’ ಸಾಕು, ಅಲ್ಲಿ ತಕರಾರಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ಧಾರವಾಡ, ಮಂಗಳೂರು, ಕಲಬುರಗಿ ಕಡೆ ‘ವಾಟ’ ಅಂದರೆ ತಿಳಿಯುತ್ತದೆಯೇ, ಅಥವಾ ನಿಮ್ಮಲ್ಲಿ ಗಾರೆಯವರು ಬೇರೇನಾದರೂ ಅನ್ನುತ್ತಾರಾ? ಹಕ್ಕಿಯೊಳಗಿನ ಈ ಕಾಂಪಸ್ಸಿಗೆ ‘ವಾಟಸೂಚಿ’ ಎಂದರೆ ಅರಿಸಮಾಸ ಎಂದು ಕಿವಿಗೆ ಚುಚ್ಚುತ್ತದೆಯೇ? ‘ವಾಟಗುರುತು’ ಅನ್ನೋದು ನನಗೆ ಅಷ್ಟು ಒಪ್ಪಿಗೆಯಾಗಿಲ್ಲ. ಇದಕ್ಕಿಂತ ಒಳ್ಳೆಯದು ಹೊಳೆದರೆ ದಯವಿಟ್ಟು ತಿಳಿಸಿ, ಮಕ್ಕಳ ಪುಸ್ತಕದಲ್ಲಿ ಅದನ್ನೇ ಹಾಕುತ್ತೇನೆ.