ಪದಚರ್ಚೆ: ಅವಧಿ ಮುಗಿದರೂ ಬಿಡದವರು ‘ಅತಿಕ್ರಮ ಪ್ರವೇಶ’ ಮಾಡಿದವರೇ?

ಎಲ್ಲರಿಗೂ ನಮಸ್ಕಾರ.

ನಾನು ವಕೀಲರ ನೋಟಿಸುಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ಎರಡು ಪದಗಳು ತುಂಬ ದಿನದಿಂದ ಕಾಡುತ್ತಿವೆ.

ಲೀಸ್ ಮುಗಿದ ಮೇಲೂ ಮನೆ ಬಿಡದ ಹಿರಿಯರೊಬ್ಬರಿಗೆ ಹೋಗಬೇಕಿದ್ದ ನೋಟಿಸು. ಇಂಗ್ಲಿಷಿನಲ್ಲಿ ಅವರನ್ನು ‘ಟ್ರೆಸ್‌ಪಾಸರ್’ ಎಂದು ಕರೆದಿತ್ತು. ರೂಢಿಯಂತೆ ನಾನು ‘ಗುತ್ತಿಗೆದಾರರಾದ ತಾವು ಸದರಿ ಮನೆಯಲ್ಲಿ ಅತಿಕ್ರಮ ಪ್ರವೇಶ ಮಾಡಿರುತ್ತೀರಿ’ ಎಂದು ಬರೆದೆ. ಅದನ್ನು ಓದಿ ಅವರು ಕೇಳಿದ್ದು ಒಂದೇ ಮಾತು: ‘ನಾನೆಲ್ಲಿ ನುಗ್ಗಿದೆ? ಬೀಗದ ಕೈ ಕೊಟ್ಟು ಒಳಗೆ ಕರೆದವರು ಅವರೇ ಅಲ್ವಾ?’

ಅವರ ಮಾತು ಸರಿ. ಮನೆ ಬಿಡದೇ ಇದ್ದದ್ದು ನಿಜ. ನುಗ್ಗಿದ್ದು ಮಾತ್ರ ಸುಳ್ಳು. ಮಾಡದ ತಪ್ಪನ್ನು ಅವರ ಮೇಲೆ ಹೊರಿಸಿದ್ದು ನನ್ನ ಅನುವಾದ. ಇದು ನನಗೆ ಬಹಳ ನೋವು ಕೊಟ್ಟಿತು. (‘ಗುತ್ತಿಗೆದಾರ’ ಎಂಬುದೂ ಸರಿಯಿಲ್ಲ. ಈಗ ಆ ಪದ ಕೇಳಿದರೆ ಜನಕ್ಕೆ ರಸ್ತೆ, ಕಟ್ಟಡದ ಕಂಟ್ರಾಕ್ಟರೇ ನೆನಪಾಗುತ್ತಾರೆ.)

‘ಟ್ರೆಸ್‌ಪಾಸ್’ ಹಳೆಯ ಫ್ರೆಂಚಿನಿಂದ ಬಂದ ಪದ. ದಾಟುವುದು, ಮೀರಿ ಹೋಗುವುದು ಎಂದು ಅರ್ಥ. ನಮ್ಮ ‘ಅತಿಕ್ರಮ’ವೂ ಅದನ್ನೇ ಹೇಳುತ್ತದೆ. ಗಡಿಯನ್ನೂ ಮೀರಬಹುದು, ಗಡುವನ್ನೂ ಮೀರಬಹುದು. ತೊಂದರೆ ಇರುವುದು ಹಿಂದೆ ಅಂಟಿಕೊಂಡ ‘ಪ್ರವೇಶ’ದಲ್ಲಿ. 1860ರ ಭಾರತೀಯ ದಂಡ ಸಂಹಿತೆಯ 441ನೇ ಕಲಂ ಎರಡನ್ನೂ ಹೇಳಿತ್ತು: ಅಪರಾಧ ಮಾಡಲು, ಹೆದರಿಸಲು, ಅವಮಾನಿಸಲು ಇಲ್ಲವೇ ಕಿರುಕುಳ ಕೊಡಲು ಒಳಗೆ ಹೋಗುವುದು ಒಂದು, ಸರಿಯಾಗಿಯೇ ಒಳಗೆ ಬಂದು, ಅಂಥದೇ ಉದ್ದೇಶದಿಂದ ಅಕ್ರಮವಾಗಿ ಅಲ್ಲೇ ಉಳಿಯುವುದು ಇನ್ನೊಂದು. ಈಗಿನ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಲ್ಲೂ ಹಾಗೇ ಇದೆ. ಹಾಗಿದ್ದ ಮೇಲೆ ‘ಅತಿಕ್ರಮಣ’ ಅಂದರೆ ಸಾಕಲ್ವಾ? ಆದರೂ ಆ ಪದಕ್ಕೆ ಪೊಲೀಸ್ ಠಾಣೆಯ ವಾಸನೆ ಜಾಸ್ತಿ. ಕೆಟ್ಟ ಉದ್ದೇಶವಿಲ್ಲದೆ ಸುಮ್ನೆ ಉಳಿದುಕೊಂಡವರದು ಸಿವಿಲ್ ವ್ಯಾಜ್ಯ. ಅವರಿಗೆ ‘ಅವಧಿ ಮೀರಿ ಉಳಿದವರು’ ಎಂದು ಬರೆಯಬೇಕೆನಿಸುತ್ತದೆ.

ಇಲ್ಲೂ ಒಂದು ತೊಡಕಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಂ ಪ್ರಕಾರ, ಅವಧಿ ಮುಗಿದ ಮೇಲೆ ಮಾಲೀಕರು ಬಾಡಿಗೆ ತೆಗೆದುಕೊಂಡರೆ, ಅಥವಾ ಬೇರೆ ರೀತಿಯಲ್ಲಿ ಒಪ್ಪಿದರೆ, ಬೇರೆ ಕರಾರು ಇಲ್ಲದಿದ್ದಾಗ ಲೀಸ್ ಮುಂದುವರಿಯುತ್ತದೆ. ಬಳಕೆಯ ಉದ್ದೇಶ ನೋಡಿಕೊಂಡು ತಿಂಗಳಿಂದ ತಿಂಗಳಿಗೆ, ಇಲ್ಲವೇ ವರ್ಷದಿಂದ ವರ್ಷಕ್ಕೆ. ಇವರೂ ಅವಧಿ ಮೀರಿ ಉಳಿದವರೇ, ಆದರೆ ಒಪ್ಪಿಗೆಯ ಮೇಲೆ. ಇವರನ್ನು ‘ಮುಂದುವರಿದ ಬಾಡಿಗೆದಾರರು’ ಎಂದು, ಒಪ್ಪಿಗೆಯಿಲ್ಲದವರನ್ನು ‘ಬಿಡದೆ ಉಳಿದವರು’ ಎಂದು ಬೇರೆ ಮಾಡಬಹುದೇ?

ಎರಡನೆಯದು ‘ಮೆಸ್ನ್ ಪ್ರಾಫಿಟ್ಸ್’. ‘ಮೆಸ್ನ್’ ಎಂದು ಬರೆದು ‘ಮೀನ್’ ಎಂದು ಓದುವ ಪದ. ಮಧ್ಯದ, ನಡುವಿನ ಎಂದು ಅರ್ಥ. ಕನ್ನಡದಲ್ಲಿ ‘ಮಧ್ಯಂತರ ಲಾಭ’ ಎಂದು ನೋಡಿದ್ದೇನೆ. ಸಾಮಾನ್ಯರು ಓದಿದರೆ ಯಾವುದೋ ಕಂಪನಿಯ ಲಾಭಾಂಶ ಅನ್ನಿಸುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 2(12) ಹೇಳುವುದು ಇಷ್ಟು: ಹಕ್ಕಿಲ್ಲದೆ ಸ್ವಾಧೀನದಲ್ಲಿ ಇರುವವರು ಆ ಸ್ವತ್ತಿನಿಂದ ಪಡೆದ, ಅಥವಾ ಸಾಧಾರಣ ಶ್ರದ್ಧೆಯಿಂದ ಪಡೆಯಬಹುದಾಗಿದ್ದ ಲಾಭ, ಅದರ ಮೇಲಿನ ಬಡ್ಡಿ. ಅವರೇ ಮಾಡಿದ ಸುಧಾರಣೆಯಿಂದ ಬಂದ ಲಾಭ ಇದರಲ್ಲಿ ಸೇರುವುದಿಲ್ಲ.

ಅಂದರೆ ಲೆಕ್ಕ ಶುರುವಾಗುವುದು ಬಿಡದೆ ಉಳಿದವರ ಲಾಭದಿಂದ. ಹಾಗಾಗಿ ಬರೀ ‘ನಷ್ಟ ಪರಿಹಾರ’ ಅಂದರೆ ಅರ್ಥ ಪೂರ್ತಿ ಬರುವುದಿಲ್ಲ. ‘ಬಾಡಿಗೆ ಬಾಕಿ’ ಅಂತೂ ಬರೆಯಲೇಬಾರದು. ಬಾಡಿಗೆ ಎಂದು ಕೇಳಿದರೆ ಮಾಲೀಕರು ಅವರನ್ನು ಇನ್ನೂ ಬಾಡಿಗೆದಾರರೆಂದು ಒಪ್ಪಿದ್ದಾರೆ ಎಂದು ವಾದಿಸಲು ದಾರಿಯಾಗುತ್ತದೆ. ಒಂದು ಪದದಿಂದ ಮೊಕದ್ದಮೆಯೇ ತಿರುಗಬಹುದು.

ನನಗೆ ಹೊಳೆದದ್ದು ‘ಅನುಭೋಗದ ಹಣ’. ‘ಅವಧಿ ಮುಗಿದ ದಿನದಿಂದ ಸ್ವಾಧೀನ ಬಿಟ್ಟುಕೊಡುವ ದಿನದವರೆಗಿನ ಅನುಭೋಗದ ಹಣ’ ಎಂದು ಬರೆದರೆ ಆ ಹಿರಿಯರಿಗೂ ತಿಳಿಯುತ್ತದೆ. ಆದರೆ ‘ಹಕ್ಕಿಲ್ಲದೆ’ ಎಂಬ ಭಾವ ಇದರಲ್ಲಿ ಬರುವುದಿಲ್ಲ. ‘ಅಕ್ರಮ ಅನುಭೋಗ’ ಅಂದರೆ ಮತ್ತೆ ಬೈಗುಳದಂತೆ ಕೇಳುತ್ತದೆ.

ಕರಾರು ಪತ್ರ ಬರೆಯುವವರು, ಕೋರ್ಟಿನ ಗುಮಾಸ್ತರು ಇದಕ್ಕೆ ಯಾವ ಮಾತು ಬಳಸುತ್ತಾರೆ? ಕೇಳಿದವರಿದ್ದರೆ ದಯವಿಟ್ಟು ಪೂರ್ತಿ ವಾಕ್ಯವನ್ನೇ ಬರೆದು ತಿಳಿಸಿ.