ಒಣ ಡಾಕ್‌ನಲ್ಲಿಟ್ಟ ಮರದ ಯುದ್ಧನೌಕೆ ಕೊಳೆಯುವುದೇಕೆ?

ಹಾಯಿಪಟ:
ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿರುವ ಓಕ್ ಮರದ ಹಳೆಯ ಯುದ್ಧನೌಕೆ ವಿಕ್ಟರಿ 1922ರಿಂದ ಒಣ ಡಾಕ್‌ನಲ್ಲಿ, ಅಂದರೆ ನೀರು ಬರಿದುಮಾಡಿದ ಹಡಗುಕಟ್ಟೆಯಲ್ಲಿದೆ. ಆದರೂ ಹಲಗೆಗಳು ಕೊಳೆತು, 2022ರಿಂದ ದೊಡ್ಡ ದುರಸ್ತಿ ನಡೆದಿದೆ. ಬಾಂಬೆಯಲ್ಲಿ 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ಯುದ್ಧನೌಕೆಯೋ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ನೀರಿನಿಂದ ಎತ್ತಿಟ್ಟ ಮರವೇ ಹೆಚ್ಚು ಬಾಳಬೇಕಲ್ಲವೇ?

ದಬ್ಬಣ:
ಮರಕ್ಕೆ ಮಳೆನೀರೇ ಶತ್ರು. ಬಿಸಿಲಿಗೆ ಹಲಗೆ ಕುಗ್ಗಿ, ಸಂದಿಯಲ್ಲಿ ಬಡಿದು ತುಂಬಿದ ನಾರು, ರಾಳ ಸಡಿಲವಾಗುತ್ತವೆ. ಮುಂದಿನ ಮಳೆಗೆ ಸಿಹಿನೀರು ಇಳಿದು, ಒಳಹಲಗೆ ಹೊರಹಲಗೆಗಳ ನಡುವಿನ ಪಕ್ಕೆಮರಗಳಲ್ಲಿ ನಿಲ್ಲುತ್ತದೆ. ಅಲ್ಲಿ ಗಾಳಿಯಾಡುವುದಿಲ್ಲ. ತೇವ ಶೇ. 20 ದಾಟಿ ಹಾಗೇ ಉಳಿದರೆ ಶಿಲೀಂಧ್ರ ಹಿಡಿಯುತ್ತದೆ. ಅದು ಮೆತ್ತಗೆ ಮಾಡಿದ ಓಕ್‌ ಅನ್ನು ಡೆತ್‌ವಾಚ್ ದುಂಬಿಯ ಮರಿಹುಳು ಕೊರೆಯುತ್ತದೆ. ಹೊರಗಿನ ಬಣ್ಣ ಮಾತ್ರ ಚೆನ್ನಾಗಿಯೇ ಇರುತ್ತದೆ! ಹಾಗಾಗಿ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದ ಕಡೆ ದಬ್ಬಣ ಚುಚ್ಚಬೇಕು.

ಉಪ್ಪುನೀರು ಶಿಲೀಂಧ್ರಕ್ಕೆ ಆಗಿಬರುವುದಿಲ್ಲ. ಹಿಂದೆ ಡೆಕ್ಕನ್ನು ಸಮುದ್ರದ ನೀರಿನಲ್ಲೇ ತೊಳೆಯುತ್ತಿದ್ದರು. ಅದರಿಂದ ಹಲಗೆ ಉಬ್ಬಿ ಸಂದಿ ಮುಚ್ಚಿಕೊಳ್ಳುತ್ತಿತ್ತು, ಮರದೊಳಗೆ ಉಪ್ಪೂ ಇಳಿಯುತ್ತಿತ್ತು.

ತಳತೊಲೆ:
ಭಾರದ ವಿಷಯವನ್ನೂ ಮರೆಯಬಾರದು. ತೇಲುವ ಹಡಗನ್ನು ನೀರು ಎಲ್ಲ ಕಡೆಯಿಂದ ಒತ್ತಿ ಹಿಡಿದಿರುತ್ತದೆ. ಡಾಕ್‌ನಲ್ಲಿ ಆ ಒತ್ತು ಇಲ್ಲ. ಒಡಲು ತನ್ನ ಭಾರಕ್ಕೇ ಕುಸಿಯುತ್ತ ಪಕ್ಕಕ್ಕೆ ಉಬ್ಬುತ್ತದೆ. ವಿಕ್ಟರಿ ಮೊದಲು 22 ಉಕ್ಕಿನ ತೊಟ್ಟಿಲುಗಳ ಮೇಲೆ ಕೂತಿತ್ತು. ಅವು ಮುಟ್ಟಿದ ಜಾಗದಲ್ಲೇ ಭಾರವೆಲ್ಲ ಬೀಳುತ್ತಿತ್ತು. ಈಗ 134 ಊರುಗೋಲುಗಳಿವೆ, ಪ್ರತಿಯೊಂದಕ್ಕೂ ಭಾರ ಅಳೆಯುವ ಸಂವೇದಕವಿದೆ. ಮರ ಕದಲಿದರೆ ಅಂಕಿ ಬದಲಾಗುತ್ತದೆ, ಆ ಊರುಗೋಲಿನ ಉದ್ದವನ್ನು ಸರಿಹೊಂದಿಸಬಹುದು. ನನ್ನ ಮಟ್ಟಿಗೆ ಇಡೀ ದುರಸ್ತಿಯಲ್ಲಿ ಇದೇ ಅತ್ಯುತ್ತಮ ಕೆಲಸ.

ಮಲಬಾರ್ ತೇಗ:
ಟ್ರಿಂಕೋಮಲಿ ಉಳಿದದ್ದಕ್ಕೆ ಮರದ ಗುಣವೂ ಕಾರಣ. ಜಮ್ಶೆಟ್‌ಜಿ ಬೊಮನ್‌ಜಿ ವಾಡಿಯಾ ಅದನ್ನು ತೇಗದಲ್ಲಿ ಕಟ್ಟಿದರು. ತೇಗದೊಳಗಿನ ಎಣ್ಣೆ ನೀರನ್ನೂ ಶಿಲೀಂಧ್ರವನ್ನೂ ತಡೆಯುತ್ತದೆ. ಓಕ್‌ನ ಒಗರು ಕಬ್ಬಿಣದ ಬೋಲ್ಟನ್ನು ತಿಂದು, ಸುತ್ತಲಿನ ಮರವನ್ನೂ ಕಪ್ಪಾಗಿಸಿ ಪುಡಿಮಾಡುತ್ತದೆ. ತೇಗದಲ್ಲಿ ಈ ಕಾಟ ಬಹಳ ಕಡಿಮೆ. ಹಾಗೆಂದು ಅದು ಅಮರವೇನಲ್ಲ: 1990ರಿಂದ 2001ರವರೆಗೆ ಆ ಹಡಗಿಗೂ ಜೀರ್ಣೋದ್ಧಾರ ಬೇಕಾಯಿತು.

ಹಾಯಿಪಟ:
ಹಾಗಿದ್ದರೆ ವಿಕ್ಟರಿಯನ್ನು ಮತ್ತೆ ತೇಲಿಸಬಹುದಲ್ಲ?

ತಳತೊಲೆ:
ಬೇಡವೇ ಬೇಡ. ನೂರು ವರ್ಷ ಒಣಗಿದ ಒಡಲಿನ ಸಂದಿಗಳು ಸೋರುತ್ತವೆ. ಹಡಗಿನ ತಳಕ್ಕೆ ಹೊದಿಸಿದ ತಾಮ್ರದ ತಗಡು ಹರಿದ ಕಡೆ ಹಡಗುಹುಳು ಕೊರೆಯುತ್ತದೆ. ತೇಲುವಾಗ ನೀರಿನ ಒತ್ತು ನಡುಭಾಗಕ್ಕೆ ಹೆಚ್ಚು, ತುದಿಗಳಿಗೆ ಕಡಿಮೆ. ಆದ್ದರಿಂದ ಎರಡೂ ತುದಿ ಜೋತು ನಡು ಮೇಲೇಳುತ್ತದೆ. ಅಮೆರಿಕದ ಬಾಸ್ಟನ್‌ನಲ್ಲಿ ತೇಲುವ ಹಳೆಯ ಯುದ್ಧನೌಕೆ ಕಾನ್‌ಸ್ಟಿಟ್ಯೂಷನ್‌ನ ತಳದ ತೊಲೆ ಹೀಗೆಯೇ ಒಂದು ಅಡಿಗೂ ಹೆಚ್ಚು ಬಾಗಿತ್ತು. 1992ರಲ್ಲಿ ಶುರುವಾದ ದುರಸ್ತಿಯಲ್ಲಿ ಅದನ್ನು ಡಾಕ್‌ನಲ್ಲಿ ನೆಟ್ಟಗೆ ಮಾಡಿ, ಮೂಲ ವಿನ್ಯಾಸದಲ್ಲಿದ್ದ ಓರೆತೊಲೆಗಳನ್ನು ಮತ್ತೆ ಕೂರಿಸಿದರು. ತೇಲುವ ಹಡಗನ್ನೂ ಸುಮಾರು 20 ವರ್ಷಕ್ಕೊಮ್ಮೆ ಮೇಲೆತ್ತಿ ತಾಮ್ರದ ತಗಡು ಬದಲಿಸಲೇಬೇಕು.